ಹೊಸ್ತಿಲಿಗೆ ಬಳಿದ ಅರಿಸಿನ

ಪುಟ್ಟಗೌರಮ್ಮ ದಿನಾ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಹೊಸ್ತಿಲಿಗೆ ಅರಿಸಿನ ಬಳಿಯುತ್ತಿದ್ದಳು. ಒಂದು ಬೆಳಿಗ್ಗೆ ಬಳಿದು ಏಳಹೋದಾಗ ಮಂಡಿಯ ಮೂಳೆಗಳು ಒಂದಕ್ಕೊಂದು ಉಜ್ಜಿ ಚೀರಿದವು. ಅವಳು ಅಲ್ಲೇ ಕುಸಿದು, ಬಟ್ಟಲಲ್ಲಿ ಉಳಿದಿದ್ದ ಅರಿಸಿನವನ್ನು ಮಂಡಿಗೆ ಮೆತ್ತಿಕೊಂಡಳು.

"ಮೂಳೆಗಳೇ, ನಿಮ್ಮ ನಡುವೆ ಮೆತ್ತೆಯಂತೆ ಮೃದ್ವಸ್ಥಿ ಇತ್ತಲ್ಲ, ಅದೆಲ್ಲಿ?" ಎಂದು ಅರಿಸಿನ ಕೇಳಿತು.

"ಸವೆದುಹೋಯಿತು" ಎಂದವು ಮೂಳೆಗಳು.

"ಅದು ಇದ್ದಾಗಲೇ ನನ್ನನ್ನು ಕರೆಯಬಾರದಿತ್ತೆ? ಇರುವುದನ್ನಾದರೆ ಕೈಲಾದಷ್ಟು ಕಾಯುತ್ತಿದ್ದೆ. ಹೋದದ್ದನ್ನು ಎಲ್ಲಿಂದ ತರಲಿ?"

"ಆ ಮೆತ್ತೆಗೆ ನೋವೇ ಗೊತ್ತಿರಲಿಲ್ಲ. ನಮ್ಮ ಭಾರ ಹೊತ್ತು ತೆಪ್ಪಗಿತ್ತು. ಕೂಗದವರಿಗೆ ಔಷಧಿ ಯಾರು ತರುತ್ತಾರೆ?"

ಆಗ ಹೊಸ್ತಿಲು ಬಾಯಿಬಿಟ್ಟಿತು: "ನಾನೂ ಒಂದು ದಿನವೂ ಕೂಗಿದ್ದಿಲ್ಲ. ಆದರೂ ಗೆದ್ದಲು ಹತ್ತೀತೆಂದು ಈಕೆ ನನಗೆ ದಿನವೂ ಬಳಿದಳು."

ಅರಿಸಿನ ಮಂಡಿಯ ಮೇಲೆ ಒಣಗಿ ಬಿರಿಯಿತು.

ಮಾರನೆಯ ಬೆಳಿಗ್ಗೆ ಸೊಸೆ ಅತ್ತೆಯ ಕೈಯಿಂದ ಬಟ್ಟಲು ಕಿತ್ತುಕೊಂಡಳು. "ನೀವು ಕೂತಿರಿ ಅತ್ತೆ, ಇನ್ನು ಮೇಲೆ ನಾನೇ ಬಳೀತೀನಿ" ಎಂದು ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತಳು.

ಅವಳ ಮಂಡಿಯಲ್ಲಿ ಮೆತ್ತೆ ಇನ್ನೂ ಇತ್ತು. ಅದೂ ಕೂಗಲಿಲ್ಲ.