ಸಾಂತವ್ವನ ನಡಿಗೆಯ ಔಷಧ

ನೇಕಾರರ ಓಣಿಯ ಬನಪ್ಪನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ತಾಯಿ ಸಾಂತವ್ವ ಮಗ್ಗದ ಮುಂದೆ ಕೂತು ಕೂತು ಸಕ್ಕರೆ ಕಾಯಿಲೆ ತಂದುಕೊಂಡಿದ್ದಳು. ಕೋಲಿಲ್ಲದೆ ಏಳುತ್ತಿರಲಿಲ್ಲ. ಅವಳಿಗೆ ಕಾಯಿಲೆಗಿಂತ ಮಗನ ಚಿಂತೆಯೇ ದೊಡ್ಡದು.

"ನಾ ಸತ್ತರ ಈ ಪೆದ್ದಗ ರೊಟ್ಟಿ ಹಾಕೋರು ಯಾರಪ್ಪಾ!"

ಕೆರೆ ದಂಡೆಯ ಡಾಕ್ಟರು ಅವಳನ್ನು ನೋಡಿ ಬನಪ್ಪನಿಗೆ ಹೇಳಿದರು, "ಬರೇ ಗುಳಿಗಿ ಸಾಲೂದಿಲ್ಲ. ನಡಿಯೂದೂ ಔಷಧಾನ. ದಿನಾ ಮುಂಜಾನೆ ಅವ್ವನ್ನ ಕೆರಿತನಕ ಕರ್ಕೊಂಡ ಬಾ."

"ಆತ್ರಿ!"

ಮರುದಿನ ಮುಂಜಾನೆ ಕರೆದುಕೊಂಡು ಹೋದ. ಕೆರೆಯ ಹತ್ತಿರ ಬಿಟ್ಟ. ಮನೆಗೆ ಬಂದು ರೊಟ್ಟಿ ತಿಂದ. ಸಾಂತವ್ವ ಬಿಸಿಲಲ್ಲಿ ಕಾದು ಕಾದು, ಬಟ್ಟೆ ಒಗೆಯುವವರ ಕೈ ಹಿಡಿದು ಮನೆ ಸೇರಿದಳು.

"ಎಲ್ಲಿ ಸತ್ತಿದ್ದೆಲೋ!"

"ಕೆರಿತನಕ ಅಂದಿದ್ರವ್ವಾ!"

"ಅಯ್ಯೋ ನನ್ನ ಕರ್ಮ! ಹಿಡಿದ ಕೈ ಬಿಡಬಾರದೋ!"

"ಆತವ್ವಾ!"

ಮರುದಿನ ಕೈ ಹಿಡಿದು ಹೋದ, ಕೈ ಹಿಡಿದು ಬಂದ. ಬಿಡಲಿಲ್ಲ. ರೊಟ್ಟಿ ಬಡಿಯಲು ಕೂತಳು, ಬಿಡಲಿಲ್ಲ. ಮಗ್ಗಕ್ಕೆ ಕೂತಳು, ಬಿಡಲಿಲ್ಲ. ಲಾಳಿ ಎಸೆಯಲು ಕೈಯೇ ಇಲ್ಲ!

"ಬಿಡೋ ಕೈ!"

"ನೀನ ಹೇಳಿದ್ದೆವ್ವಾ!"

ಸಾಂತವ್ವ ಅತ್ತೇಬಿಟ್ಟಳು. "ಕೈ ಅಲ್ಲೋ ಮಗನ, ನನ್ನ ಕಾಲ ನೋಡು! ಈ ಕಾಲ ನಿಂತ ದಿನ ನಾ ಸತ್ತೆ ಅಂತ ತಿಳ್ಕೋ!"

ಬನಪ್ಪ ಅವಳ ಕಾಲ ಬಳಿಯೇ ಕೂತ. ಅಂದಿನಿಂದ ಕಾಲು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಒಂದು ಮಧ್ಯಾಹ್ನ ಸಾಂತವ್ವ ಉಂಡು ಅಡ್ಡಾದಳು. ಕಾಲು ಅಲ್ಲಾಡಲಿಲ್ಲ. ಕಾದ. ಅಲ್ಲಾಡಲಿಲ್ಲ.

"ಅವ್ವಾ! ನನ್ನ ಬಿಟ್ಟು ಹೋದೆಲ್ಲವ್ವಾ!"

ಬಾಯಿ ಬಡಿದುಕೊಳ್ಳುತ್ತ ಓಡಿದ. ಸಾವಿಗೆ ಹಲಗೆ ಬಾರಿಸುವವರನ್ನು ಕರೆತಂದ. ಚಟ್ಟಕ್ಕೆ ಬಿದಿರು ತರಿಸಿದ. ಬಾಗಿಲಲ್ಲಿ ಹಲಗೆ ಢಣಢಣ ಎಂದಿತು. ಸಾಂತವ್ವ ಧಡಕ್ಕನೆ ಎದ್ದಳು. ಬಿದಿರು ನೋಡಿದಳು, ಮಗನನ್ನು ನೋಡಿದಳು, ಕಸಬರಿಗೆ ಹಿಡಿದಳು!

"ನಿಂದರೋ, ನನ್ನ ಹೊಟ್ಟ್ಯಾಗ ಹುಟ್ಟಿದವನ!"

ಬನಪ್ಪ ಮುಂದೆ, ಸಾಂತವ್ವ ಹಿಂದೆ. ಓಣಿ ದಾಟಿತು, ಬಾವಿ ದಾಟಿತು, ಕೆರೆಯೇ ಬಂತು. ಡಾಕ್ಟರು ಹೊರಗೋಡಿ ಬಂದು ಅವಳನ್ನು ಕೂಡಿಸಿ ನಾಡಿ ಹಿಡಿದರು. ನಾಡಿ ಗಟ್ಟಿಯಾಗಿತ್ತು.

"ಸಾಂತವ್ವಾ, ಕೋಲು ಎಲ್ಲಿ?"

ಆಗ ನೆನಪಾಯಿತು. ಕೋಲು ಮನೆಯಲ್ಲೇ ಉಳಿದಿತ್ತು! ಸಾಂತವ್ವ ತನ್ನ ಕಾಲನ್ನು ತಾನೇ ಮುಟ್ಟಿ ನೋಡಿಕೊಂಡಳು. ಇನ್ನಷ್ಟು ವರ್ಷ ಮಗನಿಗೆ ರೊಟ್ಟಿ ಹಾಕಬಹುದು ಎನಿಸಿತು. ಕಣ್ಣು ತುಂಬಿ ಬಂತು.

ಡಾಕ್ಟರಿಗೆ ಹಿಗ್ಗೋ ಹಿಗ್ಗು. "ಶಾಬಾಸ್ ಬನಪ್ಪಾ! ಏನ ಮಾಡಿದ್ಯೋ ಗೊತ್ತಿಲ್ಲ. ಅದನ್ನ ದಿನಾ ಮುಂಜಾನೆ ಮಾಡು, ತಪ್ಪಸಬ್ಯಾಡ!"

"ಆತ್ರಿ!"

ಮರುದಿನ ಸಾಂತವ್ವ ತಾನಾಗಿಯೇ ಬೇಗ ಎದ್ದಳು. ಕೆರೆಗೆ ಹೋಗೋಣವೆಂದು ಸೆರಗು ಸಿಕ್ಕಿಸಿ ಬಾಗಿಲು ತೆಗೆದಳು. ಬಾಗಿಲಲ್ಲಿ ಬಿದಿರು, ಬಿದಿರಿನ ಹಿಂದೆ ಹಲಗೆ, ಹಲಗೆಯ ಹಿಂದೆ ಓಣಿಯ ಮಂದಿ! ಎಲ್ಲರ ಮುಂದೆ ಬನಪ್ಪ, ಕೈಯಲ್ಲಿ ಕಸಬರಿಗೆ.

"ತಗೋ ಅವ್ವಾ, ಔಷಧ ತಂದೀನಿ!"