ಸೀಬೆಮರದ ಕೆಳಗಿನ ಕೊಂಬೆ

ಕೆಂಪಿ ಎಂಬ ಮುದಿ ಕೋಳಿ ದಿನಾ ಸಂಜೆ ಒಂದೇ ನೆಗೆತಕ್ಕೆ ಸೀಬೆಮರದ ಮೇಲಿನ ಕೊಂಬೆ ಸೇರುತ್ತಿತ್ತು. ಒಂದು ಸಂಜೆ ಕೊಂಬೆ ತಪ್ಪಿ ದೊಪ್ಪನೆ ಬಿತ್ತು.

ಮಗಳು ಚುಕ್ಕಿ ಓಡಿಬಂದು, "ಅವ್ವ, ಇನ್ನು ಮರ ಸಾಕು. ನನ್ನ ಜೊತೆ ಬುಟ್ಟಿಯಡಿ ಮಲಗು. ಸಂಜೆ ಯಜಮಾನಿ ಬುಟ್ಟಿ ಮುಚ್ಚುತ್ತಾಳೆ, ಬೆಳಿಗ್ಗೆ ಎತ್ತುತ್ತಾಳೆ," ಎಂದಿತು.

"ಅವಳು ಏಳುವುದು ತಡವಾದರೆ?"

"ಅಲ್ಲಿಯವರೆಗೆ ಕಾಯೋಣ."

ಮರುದಿನ ಸಂಜೆ ಕೆಂಪಿ ಮೊದಲು ಒರಳುಕಲ್ಲು ಹತ್ತಿತು, ಅಲ್ಲಿಂದ ಸೌದೆ ರಾಶಿ ಹತ್ತಿತು, ರಾಶಿಯಿಂದ ಮರದ ಎಲ್ಲಕ್ಕಿಂತ ಕೆಳಗಿನ ಕೊಂಬೆಗೆ ಕಾಲಿಟ್ಟು ಕೂತಿತು.

ಚುಕ್ಕಿಗೆ ನಾಚಿಕೆಯಾಯಿತು. "ನೀನು ಹೀಗೆ ಹತ್ತುವುದನ್ನು ಪಕ್ಕದ ಮನೆ ಕೋಳಿಗಳು ನೋಡಿದರೆ ಏನೆಂದಾವು?"

"ಕೆಂಪಿ ಹಾರುವುದನ್ನು ಬಿಟ್ಟಳು ಎಂದಾವು. ಅನ್ನಲಿ. ಮರ ಬಿಡಲಿಲ್ಲವಲ್ಲ. ನಿನಗೆ ಹೆದರಿಕೆಯಾದರೆ ಬುಟ್ಟಿಯೊಳಗಿಂದ ಒಮ್ಮೆ ಕೂಗು, ನಾನು ಓಗೊಡುತ್ತೇನೆ."

ಅಂದಿನಿಂದ ಚುಕ್ಕಿ ದಿನಾ ಕೂಗುತ್ತದೆ, ಅವ್ವ ಓಗೊಟ್ಟದ್ದು ಕೇಳಿದ ಮೇಲೆಯೇ ಕಣ್ಣು ಮುಚ್ಚುತ್ತದೆ. ಬೆಳಿಗ್ಗೆ ಯಜಮಾನಿ ಬುಟ್ಟಿ ಎತ್ತುವ ಹೊತ್ತಿಗೆ ಕೆಂಪಿ ಆಗಲೇ ತಿಪ್ಪೆ ಕೆದಕಿ, ಮಗಳ ಪಾಲಿನ ಎರೆಹುಳ ಕಚ್ಚಿಕೊಂಡು ಬುಟ್ಟಿಯ ಮುಂದೆ ಕಾಯುತ್ತಿರುತ್ತದೆ.