ಅರವಟ್ಟಿಗೆಯ ಅಳತೆ

"ಸೇವೆಗೆ ಇಳಿಯುವ ಮೊದಲು ಎಷ್ಟು ಕಲಿತರೆ ಸಾಕು, ಗುರುಗಳೇ?"

ಇಂದುಧರ ಕೂತಲ್ಲಿ ಕೂರಲಾರದೆ ಕೇಳಿದ. ಸೇವಾಸಂಸ್ಥೆಗಳನ್ನು ನಡೆಸುವ ವಿದ್ಯೆಯನ್ನು ಅವನು ಎರಡು ವರ್ಷ ಓದಿದ್ದ. ಅಂಧರ ಆಶ್ರಯಧಾಮವೊಂದು ಅವನನ್ನು ಮೇಲ್ವಿಚಾರಕನಾಗಿ ಬಾ ಎಂದು ಕರೆದಿತ್ತು. ಸಂಜೆಯೊಳಗೆ ಉತ್ತರ ಹೋಗದಿದ್ದರೆ ಆ ಜಾಗ ಬೇರೆಯವರ ಪಾಲು. ಇನ್ನೊಂದು ವರ್ಷ ಓದಿ ಹೋಗೋಣವೆಂದು ಒಂದು ಮನಸ್ಸು. ಈಗಲೇ ಹೊರಡು ಎಂದು ಇನ್ನೊಂದು. ಕರೆಯ ಕಾಗದವನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಮಡಚುತ್ತಿದ್ದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿಗೆ ದಾರಿಹೋಕರ ಬಾಯಾರಿಕೆಗೆಂದು ಅರವಟ್ಟಿಗೆ ಇಡಿಸುವ ಮನಸ್ಸಾಯಿತು. ನೀರು ಕೊಡುವ ಕ್ರಮ ಕಲಿತು ಬಾ ಎಂದು ನಂಬಿಕೆಯ ಆಳನ್ನು ಕಳುಹಿಸಿದ. ಆಳು ಒಂದು ಬೇಸಿಗೆಯೆಲ್ಲ ತಿರುಗಿ ನಲವತ್ತು ಅರವಟ್ಟಿಗೆ ನೋಡಿದ. ಹರವಿಯನ್ನು ಮರಳಲ್ಲಿ ಹೂಳುವುದು, ಲಾವಂಚ ಹಾಕುವುದು, ಗಿಂಡಿಯನ್ನು ಎಷ್ಟು ಎತ್ತರ ಹಿಡಿಯುವುದು, ಎಲ್ಲವನ್ನೂ ಕಲಿತ. ಒಬ್ಬರಿಗೆ ಒಂದು ಗಿಂಡಿ ನೀರು ಸರಿಯಾದ ಅಳತೆ ಎಂದೂ ಗೊತ್ತುಮಾಡಿಕೊಂಡ.

ಮುಂದಿನ ಬೇಸಿಗೆಗೆ ಅರವಟ್ಟಿಗೆ ತೆರೆಯಿತು. ಮೊದಲು ಬಂದ ಮುದುಕ ಬಗ್ಗಿ ಬೊಗಸೆಯೊಡ್ಡಿದ. ಅರ್ಧ ಗಿಂಡಿಗೇ ಅವನ ದಾಹ ತೀರಿತು. ಸಾಕೆಂದು ಬೊಗಸೆ ಬಿಚ್ಚಿದ. ಆಳಿನ ಕಣ್ಣು ಗಿಂಡಿಯ ಮೇಲಿತ್ತು, ಹುಯ್ಯುತ್ತಲೇ ಹೋದ. ನೀರು ಮುಖಕ್ಕೆ ರಾಚಿ ಮೂಗಿಗೇರಿ ಮುದುಕ ಕೆಮ್ಮಿ ಕೆಮ್ಮಿ ನೆಲಕ್ಕೆ ಕುಸಿದ.

ಅವನ ಹಿಂದೆ ಸೌದೆ ಹೊರೆಯ ಹೆಂಗಸು. ಗಿಂಡಿ ಬರಿದಾದರೂ ಅವಳ ಬೊಗಸೆ ಹಾಗೇ ಇತ್ತು.

"ಹುಯ್ಯಪ್ಪ, ನಿಲ್ಲಿಸಿಬಿಟ್ಟೆಯಲ್ಲ!"

"ಅಳತೆ ಆಯಿತಮ್ಮ."

"ನಿನ್ನ ಅಳತೆಗಿಷ್ಟು ಬೆಂಕಿ ಹಾಕ. ಆ ಅಜ್ಜನ ಪ್ರಾಣ ತೆಗೆಯುತ್ತಿದ್ದೆ, ಈಗ ನನ್ನ ಗಂಟಲು ಒಣಗಿಸುತ್ತೀಯ. ಹುಯ್ಯುವವನು ಬೊಗಸೆ ನೋಡಬೇಕೆಂದು ನಿನಗೆ ಯಾರೂ ಹೇಳಲಿಲ್ಲವೇ?"

"ನಲವತ್ತು ಕಡೆ ನೋಡಿ ಬಂದಿದ್ದೇನಮ್ಮ."

"ಒಂದು ಕಡೆಯಾದರೂ ಬಾಯಾರಿ ಹೋಗಿದ್ದೆಯಾ?"

ಆಳು ಗಿಂಡಿ ತುಂಬಿಕೊಂಡು ಬಂದ. ಈ ಸಲ ಅವಳ ಬೆರಳುಗಳನ್ನೇ ನೋಡುತ್ತ ಹುಯ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇಂದುಧರನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಅವನು ಕಲಿತದ್ದೆಲ್ಲ ವ್ಯರ್ಥವೇ?"

"ಇಲ್ಲ. ನೀರು ತಂಪಾಗಿಯೇ ಇತ್ತು."

"ನಾನು ಕಲಿತದ್ದು ಸಾಕೋ ಸಾಲದೋ, ಅದನ್ನಾದರೂ ಹೇಳಿಬಿಡಿ."

"'ಸಾಕು' ಎನ್ನಬೇಕಾದವರು ಆ ಆಶ್ರಯಧಾಮದಲ್ಲಿದ್ದಾರೆ, ನನ್ನನ್ನೇಕೆ ಕೇಳುತ್ತೀ?"

ಕಾಗದ ಮಡಚುತ್ತಿದ್ದ ಬೆರಳು ನಿಂತಿತು.